ಕೈಗುಣದ ಕಲ್ಲು

ವಾರಿಜಾ,

ಊಟ ಮುಚ್ಚಿಟ್ಟಿದ್ದೇನೆ, ಮೊದಲು ಇದನ್ನು ಓದು. ನಮ್ಮ ಬಿಲ್ಡಿಂಗಿನವರೆಲ್ಲ ಸೇರಿ ಡಾಕ್ಟರ್ ಮೋನಪ್ಪನವರ ಹೆಸರಿನಲ್ಲಿ ಆಸ್ಪತ್ರೆಗೆ ಕೊಡುತ್ತಿರುವ ಮಂಚಕ್ಕೆ ಹೆಸರಿನ ಕಲ್ಲು ಬಂತು. ಎಷ್ಟು ಚೆಂದದ ಅಕ್ಷರ! ಆದರೆ ನಾನು ಮರಾಠಿ ಲಿಪಿಯಲ್ಲಿ ‘ಕೈಗುಣದ ಡಾಕ್ಟರ್’ ಎಂದು ಬರೆದುಕೊಟ್ಟದ್ದು ಕೆತ್ತುವವನಿಗೆ ಅರ್ಥವಾಗದೆ ‘ಕೈ. ಡಾಕ್ಟರ್’ ಎಂದು ಕೆತ್ತಿ ತಂದಿದ್ದಾನೆ. ಮರಾಠಿಯವರಿಗೆ ‘ಕೈ.’ ಎಂದರೆ ಕೈಲಾಸವಾಸಿ!

“ಬಾಯೀ, ಮಂಚ ಕೊಡೋದು ಸತ್ತವರ ಹೆಸರಲ್ಲೇ ಅಲ್ವಾ?” ಎನ್ನುತ್ತಾನೆ ಪಾಪ.

“ಇದ್ದಾರಪ್ಪ, ಚೆನ್ನಾಗಿದ್ದಾರೆ. ಇವತ್ತು ಐದಕ್ಕೆ ಅವರೇ ಬಂದು ಪರದೆ ಸರಿಸುತ್ತಾರೆ” ಎಂದೆ. ಬೆವತುಹೋದ. ನೀರು ಕೊಟ್ಟು ಕೂರಿಸಿದೆ.

ಅವನೊಂದಿಗೆ ಬಾಂದ್ರಾದ ಅಂಗಡಿಗೆ ಹೊರಟಿದ್ದೇನೆ. ಕಲ್ಲಿನ ಹಿಂಬದಿಯಲ್ಲಿ ಹೊಸದಾಗಿ ಕೆತ್ತಿಕೊಡುತ್ತಾನಂತೆ, ಆದರೆ ಆರು ಗಂಟೆಯಾಗುತ್ತದೆ. ನೀನು ನಾಲ್ಕೂವರೆಗೇ ಡಾಕ್ಟರರ ದವಾಖಾನೆಗೆ ಹೋಗಿ ಅವರನ್ನು ಅಲ್ಲೇ ತಡೆದು ನಿಲ್ಲಿಸಬೇಕು. ಮಗುವಿಗೆ ಜ್ವರ ಎಂದು ಮಾತ್ರ ಹೇಳಬೇಡ. ಸ್ಟೆತಾಸ್ಕೋಪನ್ನು ಅಂಗೈಯಲ್ಲಿ ಬಿಸಿಮಾಡಿಕೊಳ್ಳುತ್ತ ಮನೆಗೇ ಓಡಿಬರುತ್ತಾರೆ. ನನ್ನ ಮಂಡಿನೋವಿನ ಕಥೆಯನ್ನು ಮೊದಲಿನಿಂದ ಹೇಳು. ನೂರು ಸಲ ಕೇಳಿದ್ದಾರೆ, ಆದರೂ ಯಾರ ಮಾತನ್ನೂ ಅರ್ಧಕ್ಕೆ ನಿಲ್ಲಿಸುವವರಲ್ಲ. ನಿಧಾನವಾಗಿ ಹೇಳಿದರೆ ಆರೂವರೆ ಆಗಿಯೇ ಆಗುತ್ತದೆ.

ಅತ್ತೆ