ಲ್ಯಾಬಿನ ಬಾಗಿಲಲ್ಲಿ ನಿಂತ ಮಹಾದೇವಿಯ ಪರವಾಗಿ

ಮಾನ್ಯ ಪ್ರಾಂಶುಪಾಲರೇ,

ಕಳೆದ ಗುರುವಾರ ಪ್ರಾಯೋಗಿಕ ಪರೀಕ್ಷೆಯ ಹೊತ್ತಿನಲ್ಲಿ ನಿಮ್ಮ ಕಾಲೇಜಿನ ಕಂಪ್ಯೂಟರ್ ಲ್ಯಾಬಿನ ಬಾಗಿಲಲ್ಲಿ ಒಬ್ಬ ಹುಡುಗಿ ಮೂರು ತಾಸು ಇದ್ದಳು. ನಿಮ್ಮ ದಾಖಲೆಯಲ್ಲಿ ಅವಳು ಗೈರುಹಾಜರು. ಅವಳ ಲ್ಯಾಪ್‌ಟಾಪಿನಲ್ಲಿ ವಿಂಡೋಸ್ ಬದಲು ಲಿನಕ್ಸ್ ಇತ್ತು ಎಂಬುದೇ ಅಪರಾಧ. ಅದನ್ನು ಹಾಕಿಕೊಟ್ಟವನು ನಾನು. ಶಿಕ್ಷೆಯಲ್ಲಿ ನನ್ನ ಪಾಲು ಕೇಳಲು ಬಹಿರಂಗವಾಗಿಯೇ ಬರೆಯುತ್ತಿದ್ದೇನೆ.

ಇಳಕಲ್ಲಿನಲ್ಲಿ ನನ್ನದೊಂದು ದುರಸ್ತಿ ಅಂಗಡಿ. ಐಹೊಳೆಯ ಮಹಾದೇವಿ ಅಪ್ಪ ಬೀರಲಿಂಗನೊಂದಿಗೆ ಅಲ್ಲಿಗೆ ಬಂದಾಗ ಅವಳಿಗೆ ಕಂಪ್ಯೂಟರ್ ಸೈನ್ಸ್ ಸೀಟು ಸಿಕ್ಕು ವಾರವಾಗಿತ್ತು. ಕುರಿ ಸಾಕುವ ಮನೆತನ. ಅವಳ ಕೈಯಲ್ಲಿ ಪ್ರತಿ ವಿದ್ಯಾರ್ಥಿ ಸ್ವಂತ ಲ್ಯಾಪ್‌ಟಾಪ್ ತರಬೇಕೆಂಬ ನಿಮ್ಮ ಸುತ್ತೋಲೆ, ಅಪ್ಪನ ಬಗಲಲ್ಲಿ ಯಾವುದೋ ಆಫೀಸು ಬಳಸಿ ಬಿಟ್ಟ ಲ್ಯಾಪ್‌ಟಾಪ್. ನೀವು ಸುತ್ತೋಲೆಯಲ್ಲಿ ಬರೆಸಿದ್ದು ಸಿನಿಮಾಕ್ಕೆ ಗ್ರಾಫಿಕ್ಸ್ ಮಾಡುವವರ ಯಂತ್ರ. ಮೊದಲ ವರ್ಷದ ಮಕ್ಕಳು ಹತ್ತು ಸಂಖ್ಯೆಗಳನ್ನು ಏರಿಕೆ ಕ್ರಮದಲ್ಲಿ ಜೋಡಿಸಲು ಅಷ್ಟೆಲ್ಲ ಏಕೆ ಸ್ವಾಮಿ?

"ಸಾಹೇಬ್ರ, ಇದರಾಗ ಈಕಿ ಓದು ಆಗ್ತೈತೇನ್ರಿ?" ಎಂದು ಬೀರಲಿಂಗ ಕೇಳಿದ.

"ಆಗ್ತೈತಿ," ಎಂದೆ. ಮೆಮೊರಿ ಹೆಚ್ಚಿಸಿದೆ. ವಿಂಡೋಸ್ ತೆವಳುತ್ತಿತ್ತು, ಅದನ್ನು ತೆಗೆದು, ಯಾರು ಬೇಕಾದರೂ ಪುಕ್ಕಟೆ ಹಾಕಿಕೊಳ್ಳಬಹುದಾದ ಲಿನಕ್ಸ್ ಹಾಕಿದೆ. ಎರಡೇ ತಿಂಗಳಲ್ಲಿ ಮಹಾದೇವಿ ನನಗೆ ಗೊತ್ತಿಲ್ಲದ ಕಮಾಂಡುಗಳನ್ನು ನನಗೇ ಹೇಳಿಕೊಡತೊಡಗಿದಳು.

ಪರೀಕ್ಷೆಯ ದಿನ ಅವಳನ್ನು ಒಳಗೆ ಬಿಡಲಿಲ್ಲ. ಲ್ಯಾಬಿನ ಕಂಪ್ಯೂಟರನ್ನಾದರೂ ಕೊಡಿ ಎಂದಳು. ತಪಾಸಣಾ ತಂಡ ಬರುವವರೆಗೆ ಅವುಗಳ ಹೊದಿಕೆ ತೆಗೆಯುವಂತಿಲ್ಲವಂತೆ! ಒಳಗೆ ಉಪನ್ಯಾಸಕರು ಓದಿ ಹೇಳಿದ ಪ್ರಶ್ನೆಯನ್ನು ಕೇಳಿಸಿಕೊಂಡು, ಅವಳು ಹೊಸ್ತಿಲಾಚೆ ನೆಲದ ಮೇಲೆ ಕುಳಿತು ತನ್ನ ಲ್ಯಾಪ್‌ಟಾಪಿನಲ್ಲೇ ಪ್ರೋಗ್ರಾಂ ಬರೆದಳು. ನಿಮ್ಮ ಉಪನ್ಯಾಸಕರು ಬಗ್ಗಿ ನೋಡಿದರು.

"ಉತ್ತರ ಬರೋಬರಿ ಅದ. ಆದ್ರ ಈ ಸಿಸ್ಟಮ್ ಸುತ್ತೋಲಿಯೊಳಗ ಇಲ್ಲ. ನಾ ಏನ್ ಮಾಡ್ಲಿ?"

ಅವರನ್ನು ನಾನು ದೂರುವುದಿಲ್ಲ. ಅವರಿಗೂ ಸಂಸಾರವಿದೆ.

ಮರುದಿನ ನಾನೇ ಅವಳೊಂದಿಗೆ ನಿಮ್ಮ ಕಚೇರಿಗೆ ಬಂದೆ. ಮುಂದಿನ ವರ್ಷ ನೀವೇ ಕಲಿಸುವ ಪಠ್ಯದಲ್ಲಿ ಲಿನಕ್ಸ್ ಇರುವ ಪುಟವನ್ನು ತೆರೆದು ತೋರಿಸಿದೆ.

"ಅದನ್ನ ಮುಂದಿನ ವರ್ಷ ನೋಡೋಣ್ರಿ," ಎಂದರು ಗುಮಾಸ್ತರು. "ಸೋಮವಾರ ಮರುಪರೀಕ್ಷಾ ಐತಿ. ಅಷ್ಟ್ರಾಗ ಯಾವ್ದಾರ ಕಾಪಿ ವಿಂಡೋಸ್ ಹಾಕಿ ಕಳಸ್ರಿ. ಲೈಸೆನ್ಸ್ ಗೀಸೆನ್ಸ್ ಯಾರ್ ನೋಡ್ತಾರ?"

ಅಂದರೆ ಕದ್ದ ಪ್ರತಿ ಹಾಕಿಕೊಂಡು ಬಂದವರು ಹಾಜರು. ಕದಿಯದೆ ಬಂದವಳು ಗೈರುಹಾಜರು. ಹದಿನೆಂಟರ ಹುಡುಗಿಯ ಎದುರು ಹೇಳುವ ಮಾತೇ ಇದು?

ಬಸ್ಸಿಗೆ ಕಾಯುವಾಗ ಮಹಾದೇವಿ, "ಕಾಕಾ, ಅತ್ಲಾಗ ಅವರು ಹೇಳಿದ್ದು ಹಾಕಿಬಿಡ್ರಿ. ನನಗ ಸಾಕಾಗೈತಿ," ಎಂದಳು. ಲ್ಯಾಪ್‌ಟಾಪ್ ನನ್ನ ಮೇಜಿನ ಮೇಲೆ ಬಿಟ್ಟು ಹೋಗಿದ್ದಾಳೆ. ಎರಡು ದಿನದಿಂದ ಅದನ್ನು ತೆರೆಯುತ್ತೇನೆ, ಮುಚ್ಚುತ್ತೇನೆ. ಬೇರೆ ಕೆಲಸಕ್ಕೆ ಕೈ ಹೋಗುತ್ತಿಲ್ಲ. ನಾನು ಕಾಯುತ್ತಿರುವುದು ಅವಳ ಹಿತವನ್ನೋ, ನನ್ನ ಹಟವನ್ನೋ? ನನಗೇ ತಿಳಿಯದಾಗಿದೆ.

ಆದ್ದರಿಂದ ಕೇಳುತ್ತೇನೆ: ಪ್ರೋಗ್ರಾಂ ಸರಿಯಾಗಿ ರನ್ ಆಗುವ ಯಾವ ಯಂತ್ರವಾದರೂ ಸರಿ ಎಂದು ಸುತ್ತೋಲೆ ತಿದ್ದಿ, ಲಿಖಿತವಾಗಿ ಕೊಡಿ. ಗುರುವಾರ ಅವಳು ಬರೆದದ್ದಕ್ಕೆ ಅಂಕ ಕೊಡಿ. ಕೊಡದಿದ್ದರೆ, ಅವಳ ಒಂದು ವರ್ಷವನ್ನು ಪಣಕ್ಕಿಡುವ ಹಕ್ಕು ನನಗಿಲ್ಲ. ಸೋಮವಾರ ಮುಂಜಾನೆ ನಿಮ್ಮ ಕಚೇರಿ ಹೇಳಿದ್ದನ್ನೇ ಹಾಕಿಕೊಡುತ್ತೇನೆ. ಆಗ ಅವಳು, "ಹಂಗಾದ್ರ ನಾವು ಮಾಡಿದ್ದ ತಪ್ಪು ಯಾವ್ದು, ಕಾಕಾ?" ಎಂದು ಕೇಳೇ ಕೇಳುತ್ತಾಳೆ. ಅದರ ಉತ್ತರವನ್ನು ದಯವಿಟ್ಟು ನೀವೇ ಬರೆದು ಕಳಿಸಿ.

ಇಂತಿ,
ಸರಿಯಾದ ಸಲಹೆ ಕೊಟ್ಟು ಸಿಕ್ಕಿಬಿದ್ದ
ಜಲಾಲುದ್ದೀನ,
ಲ್ಯಾಪ್‌ಟಾಪ್ ರಿಪೇರಿಯವನು, ಇಳಕಲ್