ಬೆನ್ನಿನ ಅಳತೆ

ಗುರುವಾರ, ಮಾರ್ಚ್ ೧೨
ಸಂಜೆ ಆರು ಗಂಟೆ

ಪ್ರೀತಿಯ ಅತ್ತೆಗೆ,

ನಿಮ್ಮ ಸೊಸೆಯ ನಮಸ್ಕಾರ. ಈಗಷ್ಟೇ ಅಂಗಡಿಯ ಬಾಗಿಲನ್ನು ಅರ್ಧ ಎಳೆದು, ಮೇಜಿನ ಮೇಲಿನ ಚೂರುಬಟ್ಟೆಗಳನ್ನು ಒಂದು ಕಡೆ ಸರಿಸಿ ಬರೆಯಲು ಕುಳಿತಿದ್ದೇನೆ. ಇವತ್ತು ನರ್ಸಮ್ಮನ ಎರಡು ಅಂಗಿ ಮುಗಿದವು. ಬ್ಯಾಂಕಿನವರ ಕೋಟಿಗೆ ಗುಂಡಿ ಹಾಕಿದ್ದಾಯಿತು. ಮಧ್ಯಾಹ್ನ ಹೋಗಿ ಮದುವೆಗೆ ಹಾಲ್ ಗೊತ್ತುಮಾಡಿ ಬಂದೆ.

ಕಾಗದ ತಡವಾಯಿತು, ಬೇಸರ ಮಾಡಿಕೊಳ್ಳಬೇಡಿ. ದಿನಾ ಡೈರಿಯಲ್ಲಿ ನಾಲ್ಕು ಸಾಲು ಗೀಚದೆ ಮಲಗದ ನನಗೆ ನಿಮಗೊಂದು ಕಾಗದ ಬರೆಯಲು ಮೂರು ವಾರ ಹಿಡಿಯಿತು. ಬರೆದೆ, ಹರಿದೆ, ಮತ್ತೆ ಬರೆದೆ. ಫೋನ್ ಮಾಡಿದರೆ ನಿಮ್ಮ ತಂಗಿ ಎತ್ತಿ, "ಅಕ್ಕ ಮಲಗಿದಾಳಮ್ಮ" ಎನ್ನುತ್ತಾರೆ. ಬೆಳಿಗ್ಗೆ ಮಾಡಿದರೂ ಮಲಗಿದ್ದೀರಿ, ಮಧ್ಯಾಹ್ನ ಮಾಡಿದರೂ ಮಲಗಿದ್ದೀರಿ. ನಿಮ್ಮ ಜೊತೆ ಒಂದೇ ಸೂರಿನ ಕೆಳಗೆ ಒಂಬತ್ತು ವರ್ಷ ಇದ್ದವಳು ನಾನು. ಹಗಲಲ್ಲಿ ನೀವು ತಲೆ ನೆಲಕ್ಕೆ ಹಾಕಿದ್ದನ್ನು ಒಂದು ದಿನವೂ ನೋಡಿದವಳಲ್ಲ. ನಿಮ್ಮ ತಂಗಿಗೆ ಸುಳ್ಳು ಹೇಳಲು ಬರುವುದಿಲ್ಲ ಎಂದು ಅವರಿಗೆ ಸ್ವಲ್ಪ ತಿಳಿಸಿ.

ನಾಲ್ಕು ದಿನ ಇದ್ದು ಬರುತ್ತೇನೆ ಎಂದು ಹೋದಿರಿ. ಬಸ್ಸು ಹೊರಟ ಮೇಲೆ ನನಗೆ ಕಾಣಿಸಿತು, ನಿಮ್ಮ ಶಾಲಿನ ಕೆಳಗಿಂದ ಹಳದಿ ಟೇಪಿನ ತುದಿ ಇಣುಕುತ್ತಿತ್ತು. ಬೆಳಿಗ್ಗೆ ಗಿರಾಕಿಯ ಅಳತೆ ತೆಗೆದು ಕೊರಳಿಗೆ ಹಾಕಿಕೊಂಡಿದ್ದನ್ನು ತೆಗೆಯಲು ಮರೆತು ಹಾಗೇ ಬಸ್ಸು ಹತ್ತಿಬಿಟ್ಟಿದ್ದಿರಿ. ನಾನು ಕೂಗಲಿಲ್ಲ. ಕೊರಳಲ್ಲಿ ಟೇಪು ಇಟ್ಟುಕೊಂಡು ಎಷ್ಟು ದಿನ ಸುಮ್ಮನೆ ಕೂರುತ್ತೀರಿ ಎಂದುಕೊಂಡೆ. ಇಲ್ಲಿಗೆ ಹೊಸದೊಂದು ಕೊಂಡೆ. ಪ್ಲಾಸ್ಟಿಕ್ಕು, ಕಟ್ಟಿಗೆಯ ಹಾಗೆ ನಿಲ್ಲುತ್ತದೆ, ಮೈಗೆ ಅಂಟುವುದೇ ಇಲ್ಲ.

ಹಾಲ್ ಗೊತ್ತುಮಾಡಿದ ಕಥೆ ಹೇಳಿಬಿಡುತ್ತೇನೆ, ನೀವು ನಗುತ್ತೀರಿ. ಅಲ್ಲಿನ ಗುಮಾಸ್ತರು ಕನ್ನಡಕದ ಮೇಲಿಂದ ನೋಡಿ, "ಹುಡುಗಿ ಕಡೆಯವರಾ, ಹುಡುಗನ ಕಡೆಯವರಾ?" ಎಂದರು.

"ಹುಡುಗಿ ಕಡೆ."

"ಹುಡುಗಿಗೆ ನೀವು ಏನಾಗಬೇಕು?"

"ನಾನೇ ಹುಡುಗಿ."

ಪೆನ್ನು ಕೆಳಗಿಟ್ಟರು. "ಮದುವೆ ಹೆಣ್ಣೇ ಬಂದು ಹಾಲ್ ಗೊತ್ತು ಮಾಡೋದಾ? ಮನೇಲಿ ದೊಡ್ಡವರು ಯಾರೂ ಇಲ್ವೇನಮ್ಮ?"

"ಇದಾರೆ. ತಂಗಿ ಮನೆಗೆ ಹೋಗಿದಾರೆ. ನಮ್ಮತ್ತೆ."

"ಅತ್ತೆ ಅಂದ್ರೆ ಹುಡುಗನ ತಾಯಿ. ಅವರು ಆ ಕಡೆ ಆದ್ರಲ್ಲ."

"ಆ ಕಡೆ ಅಲ್ಲ ಸಾರ್. ನನ್ನ ಮೊದಲನೇ ಗಂಡನ ತಾಯಿ. ಗಂಡ ತೀರ್ಕೊಂಡು ನಾಲ್ಕು ವರ್ಷ ಆಯ್ತು. ನನ್ನ ಕಡೆ ಹಿರಿಯರು ಅಂದ್ರೆ ಅವರ ತಾಯೀನೇ."

ಕನ್ನಡಕ ತೆಗೆದರು, ಒರೆಸಿದರು, ಮತ್ತೆ ಹಾಕಿಕೊಂಡರು. "ಹಂಗೆಲ್ಲ ಬರೀಬಹುದಾ?"

"ಬರೀರಿ ಸಾರ್. ಬರೆದ್ರೆ ಆಯ್ತು."

ಬರೆದರು. ಆಮೇಲೆ ಮೆಲ್ಲಗೆ, "ಬರ್ತಾರೆ ತಾನೇ? ಆವತ್ತು ಬೆಳಿಗ್ಗೆ ಬೀಗದ ಕೈ ಹಿರಿಯರ ಕೈಗೇ ಕೊಡೋದು ನಮ್ಮಲ್ಲಿ" ಎಂದರು. "ಬರ್ತಾರೆ" ಎಂದೆ. ಎಷ್ಟು ಸಲೀಸಾಗಿ ಬಾಯಿಂದ ಬಂತು ಎಂದರೆ, ಹೊರಗೆ ಬಂದು ಮೆಟ್ಟಿಲ ಮೇಲೆ ಸ್ವಲ್ಪ ಹೊತ್ತು ಕುಳಿತುಕೊಂಡೆ.

ಅಡುಗೆಯವನೂ ಅದೇ ರಾಗ ಎಳೆದ. "ಮದುವಣಗಿತ್ತಿ ಬಂದು ಊಟದ ಲೆಕ್ಕ ಮಾತಾಡೋದು ನಾನು ನೋಡಿಲ್ಲಮ್ಮ." "ಈಗ ನೋಡಿದ್ರಲ್ಲ, ಸಿಹಿ ಒಂದು ಸಾಕಾ ಎರಡು ಬೇಕಾ ಹೇಳಿ" ಎಂದೆ. ನಿಮಗೆ ಸಕ್ಕರೆ ಕಾಯಿಲೆ ಇದೆ, ನೀವು ಕದ್ದು ತಿನ್ನುತ್ತೀರಿ, ಅದಕ್ಕೆ ಒಂದೇ ಸಾಕು ಎಂದು ನಾನೇ ತೀರ್ಮಾನ ಮಾಡಿದೆ.

ಇನ್ನು ಅವರು, ನನ್ನನ್ನು ಮದುವೆಯಾಗುವವರು. ನೀವು "ಪೀಪಿ ಮಾಸ್ತರು" ಎಂದು ಹೆಸರಿಟ್ಟಿರಲ್ಲ, ಈಗ ನನಗೂ ಬೇರೆ ಹೆಸರು ಬಾಯಿಗೆ ಬರುವುದಿಲ್ಲ. ಶಾಲೆಯಲ್ಲಿ ದಿನವಿಡೀ ಪೀಪಿ ಊದುವ ಡ್ರಿಲ್ ಮಾಸ್ತರಿಗೆ ಅದಕ್ಕಿಂತ ಒಳ್ಳೆಯ ಹೆಸರು ಎಲ್ಲಿ ಸಿಗಬೇಕು? ನೀವು ಅಂದಿದ್ದು ಅವರಿಗೆ ಹೇಳಿದೆ: "ಒಂದೇ ಪ್ಯಾಂಟಿನ ಉದ್ದ ಸರಿಮಾಡಿಸ್ಕೊಳ್ಳೋಕೆ ನಾಲ್ಕು ಸಲ ಬಂದವನು ಪ್ಯಾಂಟಿಗೋಸ್ಕರ ಬಂದಿಲ್ಲ ಕಣೆ." ಕಿವಿ ಕೆಂಪಗಾಯಿತು, ಆದರೆ ಇಲ್ಲ ಎನ್ನಲಿಲ್ಲ. ಮೊನ್ನೆ ಕುರ್ಚಿ ಹಾಕುವುದು ಹೇಗೆಂದು ಮಾತಾಡುವಾಗ, ಬಂದವರನ್ನೆಲ್ಲ ಎತ್ತರದ ಪ್ರಕಾರ ಕೂರಿಸೋಣ ಎಂದರು. ತಮಾಷೆಗೆ ಅಂದರೋ ನಿಜವಾಗಿ ಅಂದರೋ ಇನ್ನೂ ಗೊತ್ತಾಗಿಲ್ಲ.

ಅವರ ಅಕ್ಕ ಮಾತ್ರ ಸ್ವಲ್ಪ ಗಡಸು. ಅಂಗಡಿಗೆ ಬಂದು, ನನ್ನ ಮದುವೆಯ ಉಡುಪಿಗೆಂದು ನೀವು ಆರಿಸಿಟ್ಟ ಬಟ್ಟೆಯನ್ನು ಎತ್ತಿ ನೋಡಿ, "ಇದನ್ನಿನ್ನೂ ಕತ್ತರಿಸೇ ಇಲ್ವಾ? ದೊಡ್ಡ ಅಂಗಡೀಲಿ ರೆಡಿಮೇಡ್ ಸಿಗುತ್ತೆ, ಒಂದು ತಗೊಂಡುಬಿಡು. ಎರಡನೇ ಮದುವೆಗೆ ಇಷ್ಟೊಂದು ಸಂಭ್ರಮ ಯಾಕೆ, ಸುಮ್ನೆ ಸರಳವಾಗಿ ಮುಗಿಸಬಾರದಾ?" ಎಂದರು. ನಾನು ಸೂಜಿಗೆ ದಾರ ಪೋಣಿಸುತ್ತಲೇ, "ಎರಡನೇ ಸಲ ಬಡಿಸಿದ್ರೂ ತಟ್ಟೇಲೇ ಬಡಿಸಬೇಕಲ್ವಾ ಅಕ್ಕ, ನೆಲದ ಮೇಲೆ ಹಾಕೋಕಾಗುತ್ತಾ?" ಎಂದೆ. ಹೋಗುವಾಗ ತಮ್ಮ ಲಂಗದ ಅಂಚು ಬಿಚ್ಚಿದೆ, ಹೊಲಿದು ಕೊಡು ಎಂದು ಬಿಟ್ಟು ಹೋದರು. ಹೊಲಿದಿದ್ದೇನೆ. ಚೆನ್ನಾಗಿಯೇ ಹೊಲಿದಿದ್ದೇನೆ.

ಹೀಗೆ ಒಂದೊಂದೇ ಆಗುತ್ತಾ ಬಂದಿದೆ ಅತ್ತೆ. ಹಾಲ್ ಆಯಿತು, ಅಡುಗೆ ಆಯಿತು, ಕುರ್ಚಿ, ದೀಪ, ಹೂವು ಎಲ್ಲವೂ ಆಯಿತು. ಎಲ್ಲ ಕಡೆಗೂ ನಾನೇ ಹೋದೆ, ನಾನೇ ಮಾತಾಡಿದೆ. ಮೊದಲ ಮದುವೆಯಲ್ಲಿ ಎಲ್ಲಿ ಕೂರು ಎಂದರೆ ಅಲ್ಲಿ ಕೂತವಳು ನಾನೇನಾ ಎಂದು ನನಗೇ ಆಶ್ಚರ್ಯ. ಉಳಿದಿರುವುದು ಉಡುಪು ಒಂದೇ.

ಅದನ್ನೂ ಒಬ್ಬಳೇ ಮಾಡಿ ನೋಡಿದೆ. ಹೊಸ ಟೇಪು ಹಿಡಿದು ಕನ್ನಡಿಗೆ ಬೆನ್ನು ಮಾಡಿ ನಿಂತು, ಕತ್ತು ತಿರುಗಿಸಿ ಅಳತೆ ತೆಗೆದೆ. ನಿಮ್ಮ ಬಟ್ಟೆಗೆ ಕತ್ತರಿ ಹಾಕಲು ಧೈರ್ಯ ಬರಲಿಲ್ಲ. ಹಳೆಯ ಹೊದಿಕೆಯೊಂದನ್ನು ಕತ್ತರಿಸಿ ಹೊಲಿದು ತೊಟ್ಟು ನೋಡಿದೆ. ಗುಡಾರ ಹಾರಿ ಬಂದು ಮೈಮೇಲೆ ಬಿದ್ದ ಹಾಗಿತ್ತು! ಒಂದು ಕಡೆ ಮೇಲೆ, ಒಂದು ಕಡೆ ಕೆಳಗೆ. ಎಲ್ಲಿ ತಪ್ಪಿದೆನೆಂದು ತಕ್ಷಣ ತಿಳಿಯಿತು. ಟೇಪು ಹಿಡಿಯಲು ಕೈ ಎತ್ತಿದರೆ ಹೆಗಲೂ ಜೊತೆಗೇ ಏಳುತ್ತದೆ. ತನ್ನ ಬೆನ್ನಿನ ಅಳತೆಯನ್ನು ತಾನೇ ತೆಗೆದುಕೊಳ್ಳಲು ಆಗುವುದಿಲ್ಲ. ಊರಿನವರಿಗೆಲ್ಲ ಹೊಲಿಯುವವಳಿಗೆ ಇಷ್ಟು ಹೊಳೆಯಬೇಡವೇ?

ಮೊದಲ ಸಲ ನೀವು ನನ್ನ ಅಳತೆ ತೆಗೆದದ್ದು ನೆನಪಿದೆಯಾ? ನಿಮ್ಮ ಮಗನ ಜೊತೆ ಮದುವೆ ಗೊತ್ತಾಗಿ, ನನ್ನ ಚಿಕ್ಕಪ್ಪನ ಮನೆಗೆ ಬಂದಿದ್ದಿರಿ. ಅಪ್ಪ ಅಮ್ಮ ಇಲ್ಲದ ಹುಡುಗಿ, ಯಾರೋ ಬಂದು ಅಳೆಯುತ್ತಾರೆ ಎಂದು ಉಸಿರು ಬಿಗಿಹಿಡಿದು ನಿಂತಿದ್ದೆ. "ಉಸಿರು ಬಿಡು ಮಗಳೇ, ಎಳೆದು ನಿಂತ ಅಳತೆ ಸುಳ್ಳಾಗುತ್ತೆ" ಎಂದಿರಿ. ಆಮೇಲೆ ನಿಮ್ಮ ಬೆರಳು ನನ್ನ ಬಲ ಹೆಗಲ ಮೇಲೆ ನಿಂತಿತು. ನನ್ನ ಕಿವಿಯ ಹತ್ತಿರ ಬಂದು, "ನೀರು ತುಂಬಾ ಹೊತ್ತಿದೀಯ ಅಲ್ವಾ?" ಎಂದು ಕೇಳಿದಿರಿ. ಚಿಕ್ಕಮ್ಮ ಅಲ್ಲೇ ಬಾಗಿಲಲ್ಲಿದ್ದರು. ನಾನು ತಲೆ ಮಾತ್ರ ಆಡಿಸಿದೆ. ಆವತ್ತಿನಿಂದ ನೀವು ನನಗೆ ಹೊಲಿದ ಯಾವ ಬಟ್ಟೆಯಲ್ಲೂ ನನ್ನ ಒಂದು ಹೆಗಲು ಕೆಳಗಿದೆ ಎಂದು ಯಾರಿಗೂ ಕಾಣಿಸಲಿಲ್ಲ. ನಿಮ್ಮ ಮಗನಿಗೂ ಗೊತ್ತಿರಲಿಲ್ಲ. ಅಂಥ ಉಡುಪು ಯಾವ ದೊಡ್ಡ ಅಂಗಡಿಯಲ್ಲಿ ಸಿಗುತ್ತದೆ?

ತಡೆಯಿರಿ, ಯಾರೋ ಬಂದರು. ಆಮೇಲೆ ಮುಂದುವರಿಸುತ್ತೇನೆ.

ಬಂದದ್ದು ಪಕ್ಕದ ಇಸ್ತ್ರಿ ಅಂಗಡಿಯ ಅಕ್ಕ. ನನ್ನ ಮುಂದಿರುವ ಬಟ್ಟೆ ನೋಡಿ, "ಇನ್ನೂ ಅತ್ತೆಗೆ ಕಾಯ್ತಾ ಇದೀಯಾ? ಬಾ ಇಲ್ಲಿ, ನಾನು ಅಳೀತೀನಿ. ನಂಗೆ ಹೊಲಿಯೋಕೆ ಬರದೇ ಇರಬಹುದು, ನಂಬರ್ ಓದೋಕೆ ಬರುತ್ತೆ" ಎಂದಳು. ಹಟ ಬೇಡ ಎಂದು ನಾನೂ ಎದ್ದು ನಿಂತೆ. ಟೇಪು ಬೆನ್ನಿಗೆ ತಾಗಿತು. ಉಸಿರು ಕಟ್ಟಿತು.

"ಉಸಿರು ಬಿಡೇ ತಾಯಿ, ನಾನೇನು ಫೋಟೋ ತೆಗೀತಿದೀನಾ?" ಎಂದಳು.

ಬಿಡಲು ಆಗಲೇ ಇಲ್ಲ ಅತ್ತೆ. ಟೇಪನ್ನು ಅವಳ ಕೈಯಿಂದ ತೆಗೆದುಕೊಂಡೆ. ಅವಳು ಸೊಂಟದ ಮೇಲೆ ಕೈ ಇಟ್ಟು ನಿಂತು, "ಅತ್ತೇನೇ ಬೇಕಾ? ಅವರು ಅಲ್ಲಿ, ನೀನು ಇಲ್ಲಿ. ಟೇಪು ಅಷ್ಟುದ್ದ ಇಲ್ಲ ಕಣೆ" ಎಂದಳು.

"ಟೇಪು ಇಲ್ಲದಿದ್ರೆ ಬಸ್ಸಿದೆ" ಎಂದೆ.

ಬಾಯಿಂದ ಬಂದ ಮೇಲೆಯೇ ನನಗೂ ಗೊತ್ತಾದದ್ದು. ಮೂರು ವಾರದಿಂದ ನೀವು ಬರುತ್ತೀರಾ ಬರುತ್ತೀರಾ ಎಂದು ಕಾಯುತ್ತಾ ಕುಳಿತೆನಲ್ಲ, ಹಾಲ್ ಗೊತ್ತುಮಾಡಲು ಹೋದೆ, ಅಡುಗೆಯವನ ಹತ್ತಿರ ಹೋದೆ, ನಿಮ್ಮ ಹತ್ತಿರ ಯಾಕೆ ಹೋಗಲಿಲ್ಲ? ಈ ಕಾಗದವನ್ನು ಅಂಚೆಗೆ ಹಾಕುವುದಿಲ್ಲ, ನಾನೇ ತರುತ್ತೇನೆ. ಎದುರಿಗೆ ಬರುವವಳಿಗೆ ಕಾಗದ ಯಾಕೆ ಎಂದು ಕೇಳಬೇಡಿ. ಎದುರುಬದುರು ಕೂತರೆ ನಾವಿಬ್ಬರೂ ದಾರದ ಬಣ್ಣ ಬಿಟ್ಟು ಬೇರೆ ಏನು ಮಾತಾಡುತ್ತೇವೆ? ಮೊದಲು ಇದನ್ನು ಓದಿ, ಆಮೇಲೆ ಅಳತೆ ತೆಗೆಯಿರಿ. ಆಮೇಲೆ ಬರುವುದೋ ಬಿಡುವುದೋ ನಿಮ್ಮ ಇಷ್ಟ.

ಒಂದೆರಡು ವಿಷಯ ಸ್ಪಷ್ಟವಾಗಿ ಹೇಳಿಬಿಡುತ್ತೇನೆ. ಮಾಸ್ತರ ಮನೆ ಇದೇ ಬೀದಿಯ ಆ ತುದಿಯಲ್ಲಿದೆ. ಮದುವೆಯ ಮಾರನೆಯ ದಿನವೂ ಬೆಳಿಗ್ಗೆ ಅಂಗಡಿ ತೆಗೆಯುವವಳು ನಾನೇ. ನಿಮ್ಮ ಮಿಷನ್ನು ಕಿಟಕಿಯ ಹತ್ತಿರವೇ ಇರುತ್ತದೆ, ನಿಮ್ಮ ಮಂಚವೂ. ನಿಮ್ಮ ಮಗ ಬಸ್ ಡಿಪೋದಲ್ಲಿ ರಿಪೇರಿ ಕೆಲಸ ಮುಗಿಸಿ ಬರುವಾಗ ಹಾಕಿಕೊಳ್ಳುತ್ತಿದ್ದ ನೀಲಿ ಅಂಗಿ ಗೂಟದಲ್ಲೇ ಇದೆ, ಅದನ್ನು ನಾನು ತೆಗೆಯುವುದಿಲ್ಲ, ಯಾರೂ ತೆಗೆಯುವುದಿಲ್ಲ. ಅವರ ವಿಷಯ ಮಾಸ್ತರು ತಾವಾಗಿ ಕೇಳುತ್ತಾರೆ, ನಾನು ಹೇಳುತ್ತೇನೆ. ಅವರು ನಗುವಾಗ ಬಾಯಿಗೆ ಎಣ್ಣೆಗೈ ಅಡ್ಡ ಹಿಡಿದು ಮೀಸೆಗೆಲ್ಲ ಮಸಿ ಮಾಡಿಕೊಳ್ಳುತ್ತಿದ್ದದ್ದನ್ನು ಹೇಳಿದಾಗ ಮಾಸ್ತರೂ ನಕ್ಕರು. ಹಾಗೆ ನಗುವವರು ಸಿಕ್ಕಿದ್ದಕ್ಕೇ ನಾನು ಒಪ್ಪಿದ್ದು.

ಮಾಸ್ತರಿಗೆ ತಾಯಿ ಇಲ್ಲ. ಹಾಗಾಗಿ ಅತ್ತೆ ಎಂದು ನಾನು ಕರೆಯುವುದು ಮುಂದೆಯೂ ನಿಮ್ಮೊಬ್ಬರನ್ನೇ.

ಮಂಡಿಗೆ ಎಣ್ಣೆ ಹಚ್ಚಿಕೊಳ್ಳಿ. ಗುಳಿಗೆ ತಪ್ಪಿಸಬೇಡಿ. ಚಿಕ್ಕತ್ತೆಗೆ ನನ್ನ ನಮಸ್ಕಾರ ತಿಳಿಸಿ. ನಿಮ್ಮ ಆಶೀರ್ವಾದ ನನಗೆ ಬೇಕು, ಕಾಗದದಲ್ಲಲ್ಲ, ತಲೆಯ ಮೇಲೆ ಕೈಯಿಟ್ಟು.

ಇಂತಿ,
ನಿಮ್ಮ ಸೊಸೆ

ಮತ್ತೆ ಒಂದು ಮಾತು. ಇದನ್ನು ಬರೆಯದೇ ಮಡಿಸಿಟ್ಟಿದ್ದೆ, ಈಗ ಬಿಚ್ಚಿ ಬರೆಯುತ್ತಿದ್ದೇನೆ.

ಆ ಮಧ್ಯಾಹ್ನ ನೀವು ತಲೆ ಎತ್ತದೆ ಹೊಲಿಯುತ್ತಾ, "ನನ್ನ ಕಣ್ಣು ಮಂಜಾಗ್ತಿದೆ. ನಾನು ಹೋದ ಮೇಲೆ ನೀನು ಯಾರ ಜೊತೆ ಜಗಳ ಆಡ್ತೀಯಾ? ಆ ಪೀಪಿ ಮಾಸ್ತರನ್ನ ಮದುವೆ ಆಗು" ಎಂದಿರಿ. ನಾನು "ಹೂಂ" ಎಂದೆ. ನಿಮ್ಮ ಸೂಜಿ ಬಟ್ಟೆಯ ಮೇಲೆ ನಿಂತಿತು. ಒಂದು ಗಳಿಗೆ ಅಷ್ಟೇ, ಮತ್ತೆ ಓಡಿತು. ನೀವು ಮಾರನೆಯ ದಿನವೇ ಹೋಗಿ ಬಟ್ಟೆ ತಂದಿರಿ, ಅಂಗಡಿಯವನ ಹತ್ತಿರ ಚೌಕಾಸಿ ಮಾಡಿದಿರಿ, ಎಲ್ಲರಿಗೂ ಹೇಳಿಕೊಂಡು ಬಂದಿರಿ. ಆದರೆ ಆ ಸೂಜಿ ನಿಂತದ್ದನ್ನು ನಾನು ನೋಡಿದೆ.

ನಾನು ಬೇಡ ಎನ್ನಲಿ ಎಂದು ಹೇಳಿದ್ದಿರಾ ಅತ್ತೆ? ಹೌದಾದರೆ ಹೌದೆನ್ನಿ, ಅಳತೆ ತೆಗೆಯುತ್ತಲೇ ಬೈಯಿರಿ, ಕೇಳಿಸಿಕೊಳ್ಳುತ್ತೇನೆ. ಆದರೆ ನಾನು ಹೂಂ ಅಂದದ್ದು ನೀವು ಹೇಳಿದಿರೆಂದಲ್ಲ. ನನಗೂ ಬೇಕಿತ್ತು. ಆ ಹಾಲ್‌ನಲ್ಲಿ ಗೊತ್ತುಮಾಡಿದ ದಿನವೇ ಮದುವೆ ನಡೆಯುತ್ತದೆ. ನೀವು ಬಂದರೆ ಬೀಗದ ಕೈ ನಿಮ್ಮ ಕೈಗೆ, ಬಾರದಿದ್ದರೆ ನಾನೇ ಕೇಳಿ ಇಸಿದುಕೊಳ್ಳುತ್ತೇನೆ.

ಬಟ್ಟೆಯನ್ನು ಚೀಲಕ್ಕೆ ಹಾಕಿದ್ದೇನೆ. ಹೊಸ ಟೇಪನ್ನು ಇಲ್ಲೇ ಮೊಳೆಗೆ ನೇತುಹಾಕಿದ್ದೇನೆ. ನಾಳೆ ಬೆಳಗಿನ ಮೊದಲ ಬಸ್ಸಿಗೆ ಹೊರಡುತ್ತೇನೆ.