ನಗದು ಕೌಂಟರು ಮುಚ್ಚಿತು, ಅಕ್ಕನ ಹಲ್ಲು ಕಪಾಟಿನಲ್ಲೇ ಉಳಿಯಿತು

ಮಾನ್ಯ ವಲಯ ವ್ಯವಸ್ಥಾಪಕರೇ,

ನಮ್ಮ ಬೀದಿಯ ಶಾಖೆಯಲ್ಲಿದ್ದ ನಗದು ಕೌಂಟರನ್ನು ಮುಚ್ಚಿಸಿದಿರಿ, ಹೊರಗಿದ್ದ ಹಣದ ಯಂತ್ರವನ್ನೂ ಕೀಳಿಸಿದಿರಿ. ಅದರಿಂದಾಗಿ ನನ್ನ ಅಕ್ಕನ ಬಾಯಲ್ಲಿ ಹಲ್ಲಿಲ್ಲ. ಎತ್ತಣಿಂದೆತ್ತ ಸಂಬಂಧ ಎಂದು ಹುಬ್ಬೇರಿಸಬೇಡಿ. ನಾನು ನಿಮ್ಮ ಶಾಖೆಯ ಎದುರಿಗೇ ಕ್ಷೌರದಂಗಡಿ ಇಟ್ಟುಕೊಂಡವನು. ಕೈ ಗಿರಾಕಿಯ ತಲೆಯ ಮೇಲಿದ್ದರೂ ಕಣ್ಣು ನಿಮ್ಮ ಬಾಗಿಲ ಮೇಲಿರುತ್ತದೆ, ನಾಲಿಗೆಯಂತೂ ಸುಮ್ಮನಿರುವ ಜಾಯಮಾನದ್ದಲ್ಲ. ಸಾವಧಾನವಾಗಿ ಹೇಳುತ್ತೇನೆ, ಕೇಳಿ.

ಮೊದಲಿಗೆ ಅಭಿನಂದನೆ. ಶಾಖೆ ಈಗ ನೋಡಲು ಲಕ್ಷಣವಾಗಿದೆ. ಕೌಂಟರಿದ್ದ ಜಾಗದಲ್ಲಿ ಮೆತ್ತನೆಯ ಸೋಫಾ, ಮೂಲೆಯಲ್ಲಿ ಪ್ಲಾಸ್ಟಿಕ್ ಗಿಡ, ಗೋಡೆಯ ಮೇಲೆ ಫೋನು ಹಿಡಿದು ನಗುವ ಕುಟುಂಬದ ದೊಡ್ಡ ಚಿತ್ರ. ಬ್ಯಾಂಕಿನಲ್ಲಿ ಎಲ್ಲವೂ ಇದೆ, ಹಣವೊಂದು ಇಲ್ಲ. ನಾನು ಕನ್ನಡಿ, ಕುರ್ಚಿ, ಪೌಡರು ಎಲ್ಲ ಇಟ್ಟು, "ಕೂದಲು ಮಾತ್ರ ಕತ್ತರಿಸುವುದಿಲ್ಲ" ಎಂದು ಬೋರ್ಡು ಹಾಕಿದರೆ ನೀವು ಒಳಗೆ ಬರುತ್ತೀರಾ? ನಿಮ್ಮ ಗ್ರಾಹಕರು ಈಗ ರಸ್ತೆ ದಾಟಿ ನನ್ನಲ್ಲಿಗೆ ಬರುತ್ತಾರೆ. "ಫೋನಿಗೆ ಹಾಕ್ತೀನಿ, ಒಂದೈನೂರು ಕ್ಯಾಶ್ ಕೊಡಪ್ಪ, ಕೆಲಸದವಳ ಹತ್ರ ಫೋನಿಲ್ಲ" ಅನ್ನುತ್ತಾರೆ. ಮೊನ್ನೆ ತಲೆಯಲ್ಲಿ ಒಂದೂ ಕೂದಲಿಲ್ಲದ ಹಿರಿಯರೊಬ್ಬರು ಬಂದು ಶಿಸ್ತಾಗಿ ಸರದಿಯಲ್ಲಿ ಕೂತರು. ಇವರಿಗೆ ಏನನ್ನು ಕತ್ತರಿಸಲಿ ಎಂದು ಕಕ್ಕಾಬಿಕ್ಕಿಯಾದೆ. ಅವರಿಗೆ ಬೇಕಿದ್ದದ್ದು ಚಿಲ್ಲರೆ.

ಇನ್ನು ಅಕ್ಕನ ವಿಷಯ. ಅವಳು ಕಾರ್ಖಾನೆಯೊಂದರ ಕ್ಯಾಂಟೀನಿನಲ್ಲಿ ಪಾತ್ರೆ ತೊಳೆಯುತ್ತಾಳೆ. ಮುಂದಿನ ಹಲ್ಲುಗಳು ಹೋಗಿ ವರ್ಷಗಳೇ ಆದವು. ನಗುವುದರಲ್ಲಿ ನಮ್ಮ ವಂಶದಲ್ಲೇ ಅವಳನ್ನು ಮೀರಿಸಿದವರಿಲ್ಲ, ಆದರೆ ಈಗ ನಗು ಬಂದರೆ ಮುಖ ಆ ಕಡೆ ತಿರುಗಿಸುತ್ತಾಳೆ. "ಈ ವಯಸ್ಸಲ್ಲಿ ಹಲ್ಲು ಕಟ್ಟಿಸ್ಕೊಂಡು ಯಾರಿಗೆ ತೋರಿಸ್ಬೇಕು?" ಎಂದು ಭಾವ ಒಂದೇ ಮಾತಿನಲ್ಲಿ ತಳ್ಳಿಹಾಕಿದ್ದರು. ಭಾವ ಕೆಟ್ಟವರಲ್ಲ. ಕುಡಿಯುವುದಿಲ್ಲ, ಕೈ ಎತ್ತುವುದಿಲ್ಲ, ಪ್ರಶ್ನೆ ಮಾತ್ರ ಕೇಳುತ್ತಾರೆ. ಅಕ್ಕ ಎದುರಾಡಲು ಹೋಗಲಿಲ್ಲ. ಸಂಬಳವಾದ ಮೇಲೆ ಪಾಸ್‌ಬುಕ್ಕು ಹಿಡಿದು ನಿಮ್ಮ ಕೌಂಟರಿಗೆ ಬಂದು, ಮನೆಗಿಷ್ಟು ಹಲ್ಲಿಗಿಷ್ಟು ಎಂದು ತೆಗೆದುಕೊಂಡು, ದಂತವೈದ್ಯರಿಗೆ ಕಂತಿನಲ್ಲಿ ಕಟ್ಟಿದಳು. "ಬಾಯಿಗೆ ಹೋದ್ಮೇಲೆ ಯಾರು ಕಿತ್ಕೋತಾರೆ?" ಎಂಬುದು ಅವಳ ಧೈರ್ಯ. ಅಳತೆ ತೆಗೆದರು, ಹಲ್ಲಿನ ಸೆಟ್ಟು ತಯಾರಾಗಿ ಡಾಕ್ಟರ ಕಪಾಟಿನಲ್ಲಿ ಕೂತಿತು. ಕೊನೆಯ ಕಂತೊಂದು ಬಾಕಿ ಇರುವಾಗ ನೀವು ಕೌಂಟರು ಮುಚ್ಚಿದಿರಿ.

ಅಕ್ಕ ಗಾಬರಿಯಾಗಿ ಓಡಿ ಬಂದಾಗ ಸೋಫಾದ ಬಳಿಯಿದ್ದ ನಿಮ್ಮ ಅಧಿಕಾರಿ ಬಹಳ ಮರ್ಯಾದೆಯಿಂದಲೇ ಮಾತಾಡಿದರು.

"ಆಂಟಿ, ಈಗ ಎಲ್ಲಾ ಫೋನಲ್ಲೇ. ನಿಮ್ಮ ನಂಬರ್ ಹೇಳಿ."

"ನನ್ನ ಹತ್ರ ಫೋನಿಲ್ಲಮ್ಮ."

"ಮನೇಲಿ ಯಾರ ಹತ್ರಾನೂ ಇಲ್ವಾ?"

"ನಮ್ಮನೆಯವ್ರ ಹತ್ರ ಇದೆ."

"ಹಾಗಾದ್ರೆ ಮುಗೀತು ಬಿಡಿ!"

ನಿಜಕ್ಕೂ ಮುಗಿಯಿತು. ಆ ನಂಬರನ್ನೇ ಅಕ್ಕನ ಖಾತೆಗೆ ಜೋಡಿಸಿ, ಕೈಗೊಂದು ಕಾರ್ಡು ಕೊಟ್ಟು ಕಳಿಸಿದರು. ಅಕ್ಕ ಬಸ್ಸು ಹತ್ತಿ ದೂರದ ಯಂತ್ರಕ್ಕೆ ಹೋಗಿ ಹಣ ತೆಗೆದಳು, ಇಲ್ಲಿ ಭಾವನ ಜೇಬು ಟಿಣ್ ಎಂದಿತು. ಅವಳು ಮನೆ ತಲುಪುವಷ್ಟರಲ್ಲಿ "ಏನಿದು? ಇಷ್ಟೊಂದು ಯಾಕೆ ತೆಗ್ದೆ?" ಎಂಬ ಪ್ರಶ್ನೆ ಬಾಗಿಲಲ್ಲೇ ನಿಂತಿತ್ತು. ತೆಗೆದ ದುಡ್ಡು ಲೆಕ್ಕಸಮೇತ ಭಾವನ ಕೈ ಸೇರಿತು. ನಂಬರು ಬದಲಾಯಿಸಿ ಎಂದು ನಾನೇ ಅಂಗಡಿ ಬಿಟ್ಟು ಅಕ್ಕನ ಜೊತೆ ಹೋದೆ. ಹೊಸ ನಂಬರು ಹಾಕಬೇಕಾದರೆ ಹಳೆಯ ನಂಬರಿಗೆ ಓಟಿಪಿ ಬರುತ್ತದಂತೆ! "ಎಲ್ಲಾ ಸೇಫ್ಟಿಗೋಸ್ಕರ ಅಂಕಲ್" ಎಂದರು. ಅಕ್ಕನ ಹಣ ಕಳ್ಳರಿಂದ ಭದ್ರವಾಗಿದೆ, ಒಪ್ಪುತ್ತೇನೆ. ಅಕ್ಕನಿಂದಲೂ ಅಷ್ಟೇ ಭದ್ರವಾಗಿದೆ. ನಾವಿಬ್ಬರೂ ಬಂದ ದಾರಿಗೆ ಸುಂಕವಿಲ್ಲದೆ ವಾಪಸಾದೆವು.

ಅದು ಗಂಡ ಹೆಂಡಿರ ವಿಷಯ, ಬ್ಯಾಂಕಿಗೇನು ಎನ್ನುತ್ತೀರೇನೋ. ಸ್ವಾಮೀ, ಅದು ಗಂಡ ಹೆಂಡಿರ ವಿಷಯವಾದದ್ದೇ ನಿಮ್ಮಿಂದ. ಮೊದಲು ಅದು ಅಕ್ಕನಿಗೂ ಬ್ಯಾಂಕಿಗೂ ಸಂಬಂಧಿಸಿದ ವಿಷಯವಾಗಿತ್ತು. ನೋಟು ಯಾರ ಕಿವಿಯಲ್ಲೂ ಚಾಡಿ ಹೇಳುತ್ತಿರಲಿಲ್ಲ. ನಿಮ್ಮ ಗೋಡೆಯ ಚಿತ್ರದ ಕೆಳಗೆ "ಎಲ್ಲರನ್ನೂ ಒಳಗೊಳ್ಳುವ ಬ್ಯಾಂಕಿಂಗ್" ಎಂದು ಬರೆಸಿದ್ದೀರಿ. ಖಾತೆ ಅಕ್ಕನದು, ಒಳಗೆ ಬಂದದ್ದು ಭಾವ, ಹೊರಗೆ ನಿಂತದ್ದು ಅಕ್ಕ. ಇದು ಯಾವ ಸೀಮೆಯ ಒಳಗೊಳ್ಳುವಿಕೆ? ಉಳಿದ ಕಂತು ನಾನೇ ಕಟ್ಟುತ್ತೇನೆ ಎಂದರೆ ಅಕ್ಕ ನನ್ನ ಮೇಲೇ ಹರಿಹಾಯ್ದಳು. "ನನ್ನ ದುಡ್ಡು ಬ್ಯಾಂಕಲ್ಲಿ ಬಿದ್ದಿರುವಾಗ ನಿನ್ನ ಹತ್ರ ಯಾಕೋ ಕೈ ಚಾಚ್ಲಿ?"

ಹೋದ ವಾರ ಆ ಡಾಕ್ಟರು ಕಟಿಂಗಿಗೆ ಬಂದಿದ್ದರು. "ಬಾಕಿ ಆಮೇಲೆ ಕೊಡಿ ಅಂದ್ರೂ ನಿಮ್ಮಕ್ಕ ಒಪ್ಪಲಿಲ್ಲ ಕಣ್ರೀ. ಬೇರೆ ಯಾರಿಗಾದ್ರೂ ಕೂತ್ಕೊಂಡ್ರೆ ಕೊಟ್ಬಿಡಿ ಡಾಕ್ಟ್ರೇ ಅಂದ್ರು. ಹಲ್ಲೇನು ಚಪ್ಪಲೀನಾ, ಬೇರೆಯವ್ರಿಗೆ ಆಗೋಕೆ?" ಅಂಗಡಿಯಲ್ಲಿದ್ದವರೆಲ್ಲ ನಕ್ಕರು. ನಾನೂ ನಕ್ಕೆ. ಆಮೇಲೆ ಕತ್ತರಿ ಕೆಳಗಿಟ್ಟು ಬಾಗಿಲಿಗೆ ಹೋಗಿ ನಿಮ್ಮ ಶಾಖೆಯನ್ನೇ ನೋಡುತ್ತ ನಿಂತೆ, ಡಾಕ್ಟರು ಅರ್ಧ ತಲೆಯಲ್ಲಿ ಕಾಯಬೇಕಾಯಿತು.

ಆದ್ದರಿಂದ ಕೇಳುತ್ತಿದ್ದೇನೆ: ಸೋಫಾ ಬೇಕಿದ್ದರೆ ಇಟ್ಟುಕೊಳ್ಳಿ, ಪಕ್ಕದಲ್ಲಿ ನಗದು ಕೌಂಟರನ್ನು ಮತ್ತೆ ತೆರೆಯಿರಿ, ನೋಟು ಎಣಿಸಿ ಕೊಡಲು ಒಬ್ಬ ಮನುಷ್ಯನನ್ನು ಕೂರಿಸಿ. ಅಕ್ಕನ ಖಾತೆಯಿಂದ ಭಾವನ ನಂಬರನ್ನು ಅವಳ ಸಹಿಯ ಮೇಲೆಯೇ ತೆಗೆಯಿರಿ. ಈ ಪತ್ರವನ್ನು ಪೇಪರಿಗೂ ಕಳಿಸುತ್ತಿದ್ದೇನೆ; ಅಚ್ಚಾದರೆ ಭಾವನೂ ಓದುತ್ತಾರೆ, ಬರೆಯಲೋ ಬೇಡವೋ ಎಂದು ಅಕ್ಕನನ್ನೇ ಕೇಳಿದೆ. ತಿಕ್ಕುತ್ತಿದ್ದ ಪಾತ್ರೆ ಕೆಳಗಿಟ್ಟು ಹೇಳಿದಳು: "ಬರಿ. ನನ್ನ ದುಡ್ಡಿನ ವಿಷ್ಯ ನನ್ನನ್ನ ಕೇಳಿ ಹೇಳ್ತಿರೋನು ನೀನೊಬ್ನೇ."

ಇಂತಿ,
ತಮ್ಮ ವಿಧೇಯನಾಗಿರಲು ಇನ್ನೂ ಪ್ರಯತ್ನಿಸುತ್ತಿರುವ,
ಎದುರಂಗಡಿಯ ಕ್ಷೌರಿಕ